ಒಳ್ಳೆ ಕೈ ಸೇರಿದ ಕಾರು

ಹಳೇ ಕಾರುಗಳ ಸಂಘದವರು ಆ ವರ್ಷ ಬೆಟ್ಟಸೀಮೆಗೆ ಮೂರು ದಿನದ ಪ್ರವಾಸ ಹೊರಟಾಗ ಸಾಲಿನಲ್ಲಿ ಒಂಬತ್ತು ಕಾರುಗಳಿದ್ದವು. ಕಾರುಗಳಿಗೆಲ್ಲ ಐವತ್ತು ದಾಟಿತ್ತು, ಓಡಿಸುವವರಲ್ಲಿ ಹೆಚ್ಚಿನವರಿಗೆ ಅರವತ್ತು. ನಾಲ್ಕನೆಯದು ಉಬ್ಬಿದ ಮೂತಿಯ, ಎರಡು ದುಂಡು ದೀಪಗಳ ಕೆಂಪು ಕಾರು. ನಾಲ್ಕು ವರ್ಷದ ಹಿಂದಿನವರೆಗೆ ಅದು ಮೇಷ್ಟ್ರದಾಗಿತ್ತು, ಈಗ ಹಲ್ಲಿನ ಡಾಕ್ಟರದು. ಮೇಷ್ಟ್ರೂ ಅದರಲ್ಲೇ ಹೊರಟಿದ್ದರು. ಆದರೆ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಸ್ವೆಟರಿನ ಚೀಲ ಇಟ್ಟುಕೊಂಡು.

ಮೇಷ್ಟ್ರು ಎಂದರೆ ಪುಸ್ತಕ ಹಿಡಿದು ಪಾಠ ಹೇಳಿದವರಲ್ಲ. ತಾಂತ್ರಿಕ ಶಾಲೆಯ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯುವುದನ್ನು ಕಲಿಸಿದವರು. ನಿವೃತ್ತರಾದ ಮೂರನೇ ವರ್ಷಕ್ಕೆ ಕಣ್ಣು ಕೈಕೊಟ್ಟಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟದ ಅಂಚುಗಳು ಒಂದೇ ಸಮ ಒಳಗೆ ಸರಿಯುತ್ತ ಬಂದವು. ಈಗ ಅವರಿಗೆ ಲೋಕವೆಂದರೆ ಒಂದು ಕೊಳವೆಯೊಳಗಿಂದ ಇಣುಕಿದರೆ ಕಂಡಷ್ಟು. ಎದುರಿಗಿನ ಹೂಜಿ ಸ್ಪಷ್ಟ, ಅದರ ಪಕ್ಕದ ಲೋಟ ಮಾಯ. ಲೈಸೆನ್ಸನ್ನು ಅವರೇ ಹೋಗಿ ವಾಪಸು ಕೊಟ್ಟು ಬಂದಿದ್ದರು. ಯಾರೋ ಬಂದು ಕಿತ್ತುಕೊಳ್ಳುವವರೆಗೆ ಕಾಯುವ ಜಾಯಮಾನ ಅವರದಲ್ಲ.

ಪ್ರವಾಸಕ್ಕೆ ಕರೆಯಲು ಡಾಕ್ಟರು ತಾವೇ ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಬಾಯಿ ತೆರೆದು ಕೂತವರ ಹತ್ತಿರ ದಿನವಿಡೀ ಒಬ್ಬರೇ ಮಾತಾಡಿ ರೂಢಿಯಾಗಿ, ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು. ಮೇಷ್ಟ್ರು ಬರಲೇಬೇಕು, ಅವರಿಲ್ಲದೆ ಆ ಕಾರು ಬೆಟ್ಟ ಹತ್ತಿದರೆ ಅದಕ್ಕೇ ಬೇಜಾರು, ಬರ್ತೀರಲ್ಲ, ಬರ್ತಾರೆ ಬಿಡಿ ಎಂದು ಹೇಳಿ ಎದ್ದೇಬಿಟ್ಟರು.

ಮೇಷ್ಟ್ರ ಹೆಂಡತಿ ಆ ಕಾರನ್ನು ಮೊದಲಿನಿಂದಲೂ ಸವತಿ ಎಂದೇ ಕರೆಯುತ್ತಿದ್ದವರು. ಸವತಿಯ ಮುಖ ನೋಡಿ ನಾಲ್ಕು ವರ್ಷವಾಯಿತಲ್ಲ, ಹೋಗಿ ಬನ್ನಿ ಎಂದು ತಮಾಷೆ ಮಾಡಿದರು. ಆಮೇಲೆ ಚೀಲಕ್ಕೆ ಸ್ವೆಟರು ತುಂಬುತ್ತ, ತಲೆ ಎತ್ತದೆ, ಮಗಳಿಗೆ ಹೇಳಿದ್ರಾ ಎಂದು ಕೇಳಿದರು. ಅವಳಿಗೆ ಯಾಕೆ ಎಂದರು ಮೇಷ್ಟ್ರು. ಹೆಂಡತಿ ಚೀಲದ ಜಿಪ್ಪನ್ನು ಎಳೆದು ಮುಚ್ಚಿದರು. ಅಲ್ಲಿಗೆ ಆ ಮಾತೂ ಮುಚ್ಚಿತು.

ಮೊದಲ ದಿನದ ದಾರಿ ಸಲೀಸಾಗಿತ್ತು. ಸಂಘದ ಅಧ್ಯಕ್ಷರು ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡು ಮುಂದಿನ ಕಾರಿನಲ್ಲಿದ್ದರು. ಅವರು ಊದಿದರೆ ಒಂಬತ್ತೂ ನಿಲ್ಲಬೇಕು, ಮತ್ತೆ ಊದಿದರೆ ಹೊರಡಬೇಕು. ಹೊಲ ಮುಗಿದು ಕಲ್ಲಿನ ಗುಡ್ಡಗಳು ಶುರುವಾದವು. ಹಿಂದಿನ ಸೀಟಿನಲ್ಲಿದ್ದ ಡಾಕ್ಟರ ಹೆಂಡತಿ ಅಲ್ಲಿ ಕೆರೆ ನೋಡಿ, ಇಲ್ಲಿ ಕುರಿಮಂದೆ ನೋಡಿ ಎಂದು ಬೆರಳು ಮಾಡುತ್ತಿದ್ದರು. ಮೇಷ್ಟ್ರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಕೆರೆಯತ್ತ ಅವರು ಕೊಳವೆ ತಿರುಗಿಸುವಷ್ಟರಲ್ಲಿ ಕೆರೆ ಹಿಂದೆ ಹೋಗಿರುತ್ತಿತ್ತು. ಆದರೆ ಎಂಜಿನ್ನಿನ ಒಂದೊಂದು ಸದ್ದೂ ಅವರಿಗೆ ಕೇಳುತ್ತಿತ್ತು. ಅದೊಂದು ಮಾತ್ರ ಹಾಗೇ ಇತ್ತು. ಮಿಕ್ಕಿದ್ದೆಲ್ಲ ಬದಲಾಗಿತ್ತು: ಕೆನೆಬಣ್ಣ ಹೋಗಿ ಕೆಂಪು ಬಂದಿತ್ತು, ಸೀಟಿಗೆ ಹೊಸ ಚರ್ಮ, ಬಾಗಿಲಿಗೆ ಹೊಸ ಹಿಡಿ. ಹೆಸರೂ ಬದಲಾಗಿತ್ತು. ಡಾಕ್ಟರು ಅದನ್ನು ರಾಣಿ ಎಂದು ಕರೆಯುತ್ತಿದ್ದರು.

ಅದರ ನಿಜವಾದ ಹೆಸರು ಗೂಬೆ. ಮಗಳು ಇಟ್ಟ ಹೆಸರು.

ಇಪ್ಪತ್ಮೂರು ವರ್ಷದ ಹಿಂದೆ, ಹಿಟ್ಟಿನ ಗಿರಣಿಯೊಂದರ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕಾರು ಅದು. ಹಿಂದಿನ ಸೀಟಿನಲ್ಲಿ ಗಿರಣಿಯವನ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಮೇಷ್ಟ್ರು ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಮನೆಗೆ ತಂದ ದಿನ ಹತ್ತು ವರ್ಷದ ಮಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಧೂಳು ಮುಚ್ಚಿದ ಎರಡು ದೀಪಗಳನ್ನು ನೋಡಿ, ಗೂಬೆ ಕಣ್ಣು ಬಿಟ್ಟ ಹಾಗಿದೆ ಎಂದಳು. ಅಂದಿನಿಂದ ಆರು ವರ್ಷ, ಶಾಲೆ ಬಿಟ್ಟ ಮೇಲಿನ ಹೊತ್ತೆಲ್ಲ ಅವಳು ಶೆಡ್ಡಿನಲ್ಲೇ. ಅಪ್ಪನ ದಪ್ಪ ಕೈ ನುಗ್ಗದ ಕಡೆ ಅವಳ ಸಣ್ಣ ಕೈ ನುಗ್ಗುತ್ತಿತ್ತು. ಯಾವ ನಟ್ಟು ಎಷ್ಟು ಸುತ್ತು ತಿರುಗಿಸಿದರೆ ಬಿಗಿಯಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಹೆಣ್ಣುಮಗು ಮೈಯೆಲ್ಲ ಗ್ರೀಸು ಮಾಡಿಕೊಂಡಿದೆ ಎಂದು ನೆಂಟರು ಮೂಗು ಮುರಿದರೆ, ಸೋಪು ಇದೆಯಲ್ಲ ಎನ್ನುತ್ತಿದ್ದರು ಮೇಷ್ಟ್ರು. ಅವಳಿಗೆ ಹದಿನಾರಾದಾಗ ಗೂಬೆ ಓಡಿತು.

ಅವಳಿಗೆ ಹತ್ತೊಂಬತ್ತಾದಾಗ ನಡೆದದ್ದು ಇನ್ನೊಂದು ಕಥೆ. ಸಂಘದವರು ಮೊದಲ ಸಲ ಬೆಟ್ಟಕ್ಕೆ ಹೊರಡುವುದರಲ್ಲಿದ್ದರು. ಹಳೇ ಕಾರುಗಳಿಗೆ ದೊಡ್ಡ ಏರಿನಲ್ಲಿ ಒಂದು ರೋಗ: ಎಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲು ಕುದ್ದು ಆವಿಯಾಗುತ್ತದೆ, ಪಂಪು ಆವಿಯನ್ನು ಎಳೆಯಲಾರದೆ ಕೈಚೆಲ್ಲುತ್ತದೆ, ಕಾರು ನಿಂತುಬಿಡುತ್ತದೆ. ಮಗಳು ಒಂದು ಮಧ್ಯಾಹ್ನ ಗೂಬೆಯ ಹೊಟ್ಟೆಯೊಳಗೆ ತಲೆಯಿಟ್ಟು ನೋಡಿ, ಪೆಟ್ರೋಲಿನ ಪೈಪು ಹೊಗೆ ಕೊಳವೆಗೆ ತೀರಾ ಹತ್ತಿರದಲ್ಲಿದೆ ಎಂದು ಕಂಡುಹಿಡಿದಳು. ಅಡುಗೆಮನೆಯಿಂದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತಂದು, ಕತ್ತರಿಸಿ, ಬಗ್ಗಿಸಿ, ಎರಡರ ಮಧ್ಯೆ ಪರದೆಯಂತೆ ಸಿಗಿಸಿದಳು. ಅಷ್ಟೆ. ಬೆಟ್ಟದಲ್ಲಿ ಉಳಿದ ಕಾರುಗಳು ತಿರುವಿಗೊಂದರಂತೆ ಏದುಸಿರು ಬಿಟ್ಟು ನಿಂತವು, ಗೂಬೆ ಒಂದೇ ಉಸಿರಿಗೆ ಹತ್ತಿತು.

ಮೇಲೆ ಊಟಕ್ಕೆ ಕೂತಾಗ ಅಧ್ಯಕ್ಷರು ಎದ್ದು ನಿಂತು, ಇದು ಮೇಷ್ಟ್ರ ತಗಡಿನ ಮಹಿಮೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಎದ್ದು ನಿಂತರು. ನನ್ನ ಮಗಳ ಕೆಲಸ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಚಪ್ಪಾಳೆ ನಿಲ್ಲುವವರೆಗೆ ಕಾದರು, ನಿಂತ ಮೇಲೆ ಎಲ್ಲರೂ ತಟ್ಟೆಯ ಕಡೆ ತಿರುಗಿದ್ದರು, ಅವರೂ ಕೂತರು. ಮೇಜಿನ ತುದಿಯಲ್ಲಿ ಕೂತಿದ್ದ ಮಗಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಅಪ್ಪ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಆ ನಗು ಕಾಯುತ್ತಿತ್ತೆಂಬುದು ಮೇಷ್ಟ್ರಿಗೆ ಹೊಳೆದದ್ದು ಬಹಳ ವರ್ಷದ ಮೇಲೆ. ಹಿಂದಿರುಗುವ ದಾರಿಯಲ್ಲಿ ಅವಳು ಆ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಮುಂದೆ ಸಂಘದಲ್ಲಿ ಎಷ್ಟೋ ಕಾರುಗಳಿಗೆ ಅಂಥ ತಗಡು ಬಂತು. ಎಲ್ಲರೂ ಅದಕ್ಕೆ ಮೇಷ್ಟ್ರ ತಗಡು ಎಂದೇ ಹೇಳಿದರು.

ಇನ್ನು ಕಾರು ಮಾರಿದ ವಿಷಯ. ಕಣ್ಣಿನ ಸುದ್ದಿ ಖಾತ್ರಿಯಾದ ತಿಂಗಳು ಮಗಳು ಚೊಚ್ಚಲ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಳು. ಅಧ್ಯಕ್ಷರು ಬಂದು, ಶೆಡ್ಡಿನಲ್ಲಿ ನಿಂತು ಹಾಳಾಗುವುದಕ್ಕಿಂತ ಒಳ್ಳೆ ಕೈ ಸೇರಲಿ ಎಂದರು. ಡಾಕ್ಟರು ಬಂದು ಕಾರಿನ ಮೈ ಸವರಿ ನೋಡಿದರು. ಹದಿನೈದು ದಿನದೊಳಗೆ ಎಲ್ಲ ಮುಗಿಯಿತು. ಮಗಳು ಇಪ್ಪತ್ತು ದಿನದ ಮಗುವನ್ನು ಎತ್ತಿಕೊಂಡು ತೌರಿಗೆ ಬಂದವಳು, ಒಳಗೆ ಹೋಗುವ ಮೊದಲು ಶೆಡ್ಡಿನ ಕಡೆ ನೋಡಿದಳು. ಬಾಗಿಲು ತೆರೆದಿತ್ತು. ನೆಲದ ಮೇಲೆ ಎಣ್ಣೆಯ ಕಲೆಯೊಂದೇ ಉಳಿದಿತ್ತು.

"ಅಪ್ಪ, ಗೂಬೆ ಎಲ್ಲಿ?"

ಮೇಷ್ಟ್ರು ಸಿದ್ಧಮಾಡಿಟ್ಟುಕೊಂಡಿದ್ದ ಉತ್ತರವನ್ನು ಹೇಳಿದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳು ಕಾರನ್ನು ಎಲ್ಲಿ ಇಡುತ್ತಾಳೆ, ಕೈಕೂಸು ಬೇರೆ, ಅದರ ಕಡೆ ನೋಡಲು ಪುರುಸೊತ್ತೆಲ್ಲಿ. ಕೊನೆಗೆ, ಒಳ್ಳೆ ಕೈ ಸೇರಿದೆ ಎಂದರು.

"ನನ್ನ ಕೈಗೆ ಏನಾಗಿತ್ತು?" ಎಂದಳು ಮಗಳು.

ಕೂಗಲಿಲ್ಲ, ಅಳಲಿಲ್ಲ. ಮಗುವಿನ ತಲೆಯ ಮೇಲೆ ಬಿಸಿಲು ಬೀಳುತ್ತಿದೆಯೆಂದು ಒಳಗೆ ಹೋದಳು. ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎನ್ನುತ್ತಿದ್ದವಳು ಆ ದಿನದಿಂದ ನೀವು ಎನ್ನತೊಡಗಿದಳು. ಹೊರಗಿನವರು ನೋಡಿದರೆ ಮಗಳಿಗೆ ಎಷ್ಟು ಗೌರವ ಎನ್ನಬೇಕು. ಮೇಷ್ಟ್ರಿಗೆ ಮಾತ್ರ ಆ ಗೌರವ ಪ್ರತಿ ಸಲವೂ ಬಾಗಿಲು ಹಾಕಿದ ಸದ್ದಿನಂತೆ ಕೇಳುತ್ತಿತ್ತು.

ಎರಡನೇ ದಿನ ಬೆಳಿಗ್ಗೆ ದೊಡ್ಡ ಏರು ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ರಸ್ತೆ ಹಗ್ಗ ಸುತ್ತಿದ ಹಾಗೆ ಮೇಲೆ ಮೇಲೆ ಹೋಗುತ್ತಿತ್ತು. ಡಾಕ್ಟರು ಮಾತು ಕಡಿಮೆ ಮಾಡಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದು ತಿರುವಿನಲ್ಲಿ ಗೇರು ಕಿರ್ರೆಂದಿತು. ಡಾಕ್ಟರು ನಾಚಿಕೊಂಡು, ತಾನು ಓಡಿಸುವುದರಿಂದ ಮೇಷ್ಟ್ರಿಗೆ ಕಿರಿಕಿರಿಯಾಗುತ್ತಿದೆಯೇ ಎಂದು ಕೇಳಿದರು. ಈ ಸಲ ಉತ್ತರವನ್ನು ತಾವೇ ಹೇಳಲಿಲ್ಲ, ಕಾದರು.

ಇಲ್ಲ ಎಂದರು ಮೇಷ್ಟ್ರು. ಹೇಳಿದ ಮೇಲೆ ಅದು ನಿಜವೆಂದು ಅವರಿಗೇ ಆಶ್ಚರ್ಯವಾಯಿತು. ನಿನ್ನೆಯಿಂದ ಪಕ್ಕದ ಸೀಟಿನಲ್ಲಿ ಕೂತಿದ್ದರು. ಬೇರೆ ಯಾರೋ ತಮ್ಮ ಕಾರಿನ ಗೇರು ಹಾಕುತ್ತಿದ್ದರು, ಕೆಟ್ಟದಾಗಿಯೇ ಹಾಕುತ್ತಿದ್ದರು. ಆದರೂ ಏನೂ ಅನಿಸಿರಲಿಲ್ಲ. ಹಾಗಾದರೆ ನಾಲ್ಕು ವರ್ಷದ ಹಿಂದೆ ಏನಾಗಿತ್ತು?

ಏನಾಗಿತ್ತೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅದರ ಕಡೆ ಕೊಳವೆ ತಿರುಗಿಸಿರಲಿಲ್ಲ, ಅಷ್ಟೆ. ಮಗಳ ಮನೆಯಲ್ಲಿ ಜಾಗವಿಲ್ಲ, ಕೈಕೂಸಿದೆ ಎಂಬುದೆಲ್ಲ ಮೇಲುಮಾತು. ಕಣ್ಣಿನ ಡಾಕ್ಟರು ಇನ್ನು ಓಡಿಸಬೇಡಿ ಎಂದ ದಿನ ಮನೆಗೆ ಬರುವ ಬಸ್ಸಿನಲ್ಲಿ ಅವರ ಮನಸ್ಸಿನಲ್ಲಿ ಒಂದು ಚಿತ್ರ ಬಂದಿತ್ತು: ಗೂಬೆಯನ್ನು ಮಗಳು ಓಡಿಸುತ್ತಿದ್ದಾಳೆ, ತಮಗಿಂತ ಚೆನ್ನಾಗಿ ಓಡಿಸುತ್ತಿದ್ದಾಳೆ, ತಾವು ಪಕ್ಕದಲ್ಲಿ ಮುದುಕನಂತೆ ಕೂತಿದ್ದಾರೆ. ಆ ಚಿತ್ರವನ್ನು ಸಹಿಸಲಾಗಲಿಲ್ಲ. ಪರರಾದರೆ ಚಿಂತೆಯಿಲ್ಲ, ಮಗಳು ಬೇಡ. ಅದಕ್ಕೇ ಅವಳು ಆಸ್ಪತ್ರೆಯಿಂದ ಬರುವುದರೊಳಗೆ ಕೆಲಸ ಮುಗಿಸಿದ್ದು.

ಇದನ್ನು ಯೋಚಿಸುತ್ತಿರುವಾಗಲೇ ಸದ್ದು ಬದಲಾಯಿತು. ಎಂಜಿನ್ನು ಗಂಟಲಲ್ಲಿ ಏನೋ ಸಿಕ್ಕಿದಂತೆ ಒಮ್ಮೆ ತಡವರಿಸಿತು. ಡಾಕ್ಟರಿಗೆ ಗೊತ್ತಾಗಲಿಲ್ಲ. ಬದಿಗೆ ತೆಗೆದುಕೊಳ್ಳಿ, ಈಗಲೇ ಎಂದರು ಮೇಷ್ಟ್ರು. ಕಾರು ಬಂಡೆಯ ಪಕ್ಕಕ್ಕೆ ಸರಿಯುವಷ್ಟರಲ್ಲಿ ಮೂರು ಸಲ ಬಿಕ್ಕಿ ಉಸಿರು ಬಿಟ್ಟಿತು. ಚಕ್ರಕ್ಕೆ ಕಲ್ಲು ಕೊಟ್ಟರು. ಸೀಟಿ ಊದಿದ್ದೂ ಆಯಿತು, ಒಂಬತ್ತೂ ಕಾರು ನಿಂತದ್ದೂ ಆಯಿತು, ಜನ ಸುತ್ತ ಸೇರಿದ್ದೂ ಆಯಿತು.

ಬಾನೆಟ್ಟು ಎತ್ತಿದಾಗ ಡಾಕ್ಟರಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಕೈಯಾಡಿಸಿ ನೋಡಿದರು. ಪೆಟ್ರೋಲಿನ ಪೈಪು ಮುಟ್ಟಲಾಗದಷ್ಟು ಬಿಸಿ, ಅದರ ಪಕ್ಕದಲ್ಲಿ ಏನೂ ಇಲ್ಲ. ಇಲ್ಲೊಂದು ತಗಡಿತ್ತಲ್ಲ ಎಂದು ಕೇಳಿದರು. ಬಣ್ಣ ಹೊಡೆಸುವಾಗ ಗ್ಯಾರೇಜಿನವರು ಬಿಚ್ಚಿರಬೇಕು, ಬಿಸ್ಕತ್ತಿನ ಚಿತ್ರವಿದ್ದ ತುಕ್ಕು ತಗಡು, ಯಾರೋ ತುರುಕಿದ ಕಸವೆಂದುಕೊಂಡೆವು ಎಂದು ಡಾಕ್ಟರು ತೊದಲಿದರು.

ಅಧ್ಯಕ್ಷರು ಮೇಷ್ಟ್ರ ಬೆನ್ನು ತಟ್ಟಿ, ತಗಡಿನ ಜನಕರೇ ಇಲ್ಲಿರುವಾಗ ಚಿಂತೆ ಏಕೆ ಎಂದರು. ಎಲ್ಲರೂ ನಕ್ಕರು. ಮೇಷ್ಟ್ರು ಎಂಜಿನ್ನಿನ ಮೇಲೆ ಬಾಗಿಯೇ ಇದ್ದರು. ಮಗಳು ತಗಡನ್ನು ಯಾವುದಕ್ಕೆ ಸಿಗಿಸಿದ್ದಳು, ಯಾವ ಕೋನದಲ್ಲಿ ಬಗ್ಗಿಸಿದ್ದಳು, ಅವರಿಗೆ ಗೊತ್ತಿರಲಿಲ್ಲ. ಬೇರೆ ಕಾರುಗಳ ತಗಡು ನೋಡಿ ಮಾಡುವಂತೆಯೂ ಇರಲಿಲ್ಲ, ಒಂದೊಂದರ ಹೊಟ್ಟೆ ಒಂದೊಂದು ಥರ. ಹತ್ತು ವರ್ಷ ಅದೇ ಕಾರು ಓಡಿಸಿದ್ದರು, ಆ ತಗಡಿಗೆ ಹೊಗಳಿಸಿಕೊಂಡಿದ್ದರು, ಆದರೆ ಒಂದು ದಿನವೂ ಕೈಯಿಟ್ಟು ನೋಡಿರಲಿಲ್ಲ. ನೋಡಿಕೊಳ್ಳಲು ಮಗಳಿದ್ದಳಲ್ಲ.

ಫೋನು ಮಾಡಬೇಕು ಎಂದರು. ಅಲ್ಲಿ ಸಿಗ್ನಲ್ ಇರಲಿಲ್ಲ. ಡಾಕ್ಟರು ಅವರ ಮೊಣಕೈ ಹಿಡಿದು ಮೇಲಿನ ತಿರುವಿನವರೆಗೆ ನಡೆಸಿಕೊಂಡು ಹೋಗಿ, ನಂಬರು ಒತ್ತಿಕೊಟ್ಟು, ಹತ್ತು ಹೆಜ್ಜೆ ಆಚೆ ನಿಂತು ಕಣಿವೆ ನೋಡತೊಡಗಿದರು.

ಮಗಳು ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದಳು. ನಗರದ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ನಿಂತರೆ ಅವಳೂ ಅವಳ ಜೊತೆಗಾರನೂ ಹೋಗಬೇಕು. ಫೋನೆತ್ತಿದಾಗ ಅವಳ ದನಿ ಬಾವಿಯೊಳಗಿಂದ ಬಂದಂತೆ ಮೊಳಗಿತು.

"ಹೇಳಿ."

"ಗೂಬೆ ನಿಂತುಬಿಟ್ಟಿದೆ."

ಆ ಕಡೆ ಸ್ಪ್ಯಾನರನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಎಲ್ಲಿ ಎಂದು ಕೇಳಿದಳು. ಮೇಷ್ಟ್ರು ಹೇಳಿದರು. ಅವರು ಅಲ್ಲಿಗೆ ಹೇಗೆ ಬಂದರು, ಯಾರ ಜೊತೆ ಬಂದರು ಎಂದು ಅವಳು ಕೇಳಲಿಲ್ಲ. ತಗಡು ಇದೆಯಾ ಎಂದು ಮಾತ್ರ ಕೇಳಿದಳು. ಇಲ್ಲ ಎಂದಾಗ, ಹಾಗಾದ್ರೆ ಸರಿಯಾಗಿ ಕೇಳಿಸ್ಕೊಳ್ಳಿ ಎಂದು ಒಂದೊಂದಾಗಿ ಹೇಳಿದಳು. ಮೊದಲು ಒದ್ದೆ ಬಟ್ಟೆಯನ್ನು ಪಂಪಿಗೂ ಪೈಪಿಗೂ ಸುತ್ತಿ ಇಪ್ಪತ್ತು ನಿಮಿಷ ಬಿಡಬೇಕು. ಅಷ್ಟರಲ್ಲಿ ಯಾರ ಹತ್ತಿರವಾದರೂ ಬಿಸ್ಕತ್ತಿನ ಡಬ್ಬಿ ಇದ್ದರೆ ಅದರ ಮುಚ್ಚಳ ಕತ್ತರಿಸಬೇಕು. ಪಂಪಿನ ಕೆಳಗೆ ಏನನ್ನೂ ಹಿಡಿಯದ ಒಂದು ಬೋಲ್ಟ್ ಇದೆ, ಅದನ್ನು ಸಡಿಲಿಸಿ ತಗಡಿನ ತುದಿಯನ್ನು ಸಿಗಿಸಬೇಕು.

"ತಗಡು ಪೈಪಿಗೆ ತಾಗಬಾರದು. ಮಧ್ಯೆ ಒಂದು ಬೆರಳು ಹೋಗುವಷ್ಟು ಜಾಗ ಬಿಡಿ."

"ಯಾರ ಬೆರಳು?"

"ನನ್ನ ಬೆರಳು," ಎಂದಳು.

ಅವಳ ಬೆರಳು ಎಷ್ಟು ದಪ್ಪವೆಂದು ನೆನಪಿಸಿಕೊಳ್ಳಲು ಮೇಷ್ಟ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ನೇನಾದರೂ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವಳು, ಕೆಲಸ ಇದೆ, ಇಳಿಯುವಾಗ ಹುಷಾರು ಎಂದು ಇಟ್ಟುಬಿಟ್ಟಳು.

ಡಬ್ಬಿ ಅಧ್ಯಕ್ಷರ ಹೆಂಡತಿಯ ಬುಟ್ಟಿಯಲ್ಲಿ ಸಿಕ್ಕಿತು. ಬಿಸ್ಕತ್ತನ್ನು ಅಲ್ಲೇ ಎಲ್ಲರಿಗೂ ಹಂಚಿ ಖಾಲಿ ಮಾಡಿದರು. ಮೇಷ್ಟ್ರು ಕಣ್ಣನ್ನು ನೆಚ್ಚಲಿಲ್ಲ. ತಗಡನ್ನು ಬೆರಳಿನಿಂದಲೇ ಅಳೆದು, ಕತ್ತರಿಸಿ, ಅಂಚು ಮಡಿಸಿ ಸಿಗಿಸಿದರು. ಅವರ ಬೆರಳು ನುಗ್ಗದ ಸಂದಿಯಲ್ಲಿ ಡಾಕ್ಟರ ಹೆಂಡತಿಯ ಕಿರುಬೆರಳು ಇಡಿಸಿ ಜಾಗ ಪರೀಕ್ಷಿಸಿದರು. ಅರ್ಧ ಗಂಟೆಯ ಮೇಲೆ ಕಾರು ಶುರುವಾಯಿತು. ಚಪ್ಪಾಳೆ ಬಿತ್ತು. ಮೇಷ್ಟ್ರ ತಗಡು ಮತ್ತೆ ಕಾಪಾಡಿತು ಎಂದು ಅಧ್ಯಕ್ಷರು ಕತ್ತಿನಲ್ಲಿದ್ದ ಸೀಟಿಗೆ ಕೈಹಾಕಿದರು.

"ಅದು ನನ್ನದಲ್ಲ," ಎಂದರು ಮೇಷ್ಟ್ರು. "ಆವತ್ತೂ ನನ್ನದಾಗಿರಲಿಲ್ಲ. ಎಲ್ಲಾ ನನ್ನ ಮಗಳು ಮಾಡಿದ್ದು. ನಾನು ಎದ್ದು ನಿಂತು ಚಪ್ಪಾಳೆ ತಗೊಂಡೆ, ಅಷ್ಟೇ."

ಒಬ್ಬರು ಕೆಮ್ಮಿದರು. ಅಧ್ಯಕ್ಷರು ಸ್ವಲ್ಪ ತಬ್ಬಿಬ್ಬಾಗಿ, ಮಗಳದಾದರೇನು, ಕಲಿಸಿದ್ದು ನೀವೇ ಅಲ್ಲವೇ, ಎಲ್ಲ ಒಂದೇ ಮನೆಯದು ಎಂದು ನಕ್ಕರು. ಒಂದೇ ಅಲ್ಲ ಎಂದರು ಮೇಷ್ಟ್ರು. ಆದರೆ ಅಷ್ಟರಲ್ಲಿ ಯಾರೋ ಮೋಡ ಏರುತ್ತಿದೆ ಎಂದರು, ಸೀಟಿ ಕೂಗಿತು, ಜನ ತಮ್ಮ ತಮ್ಮ ಕಾರಿಗೆ ಓಡಿದರು. ಹದಿನಾಲ್ಕು ವರ್ಷ ಎದೆಯಲ್ಲಿ ಭಾರವಾಗಿದ್ದ ಮಾತು ಬಿಸ್ಕತ್ತಿನ ಪುಡಿಯ ಹಾಗೆ ರಸ್ತೆಯ ಮೇಲೆ ಉದುರಿ ಹೋಯಿತು. ಹೇಳಬೇಕಾದ ಹೊತ್ತಿನಲ್ಲಿ ಹೇಳದ ಮಾತಿಗೆ ಆಮೇಲೆ ತೂಕವಿರುವುದಿಲ್ಲ ಎಂದು ಅವರಿಗೆ ಅನಿಸಿತು. ಬೆಟ್ಟದ ತುದಿಯಲ್ಲಿ ಎಲ್ಲರೂ ಸಾಲಾಗಿ ನಿಂತು ಎದುರಿನ ಶಿಖರಗಳನ್ನು ನೋಡಿ ಆಹಾ ಎಂದರು. ಮೇಷ್ಟ್ರು ಕಾರಿನಿಂದ ಇಳಿಯಲಿಲ್ಲ.

ಆ ಮಾತನ್ನು ಮರೆಯದವರು ಹಲ್ಲಿನ ಡಾಕ್ಟರು ಒಬ್ಬರೇ. ಮೂರನೇ ದಿನ ಬೆಟ್ಟ ಇಳಿದು ಬಂದು, ಮೇಷ್ಟ್ರನ್ನು ಮನೆ ಬಾಗಿಲಲ್ಲಿ ಇಳಿಸುವಾಗ ಹೇಳಿದರು: ಮಗಳಿಗೆ ಬೇಕಿದ್ದರೆ ಕಾರು ಅವಳದು. ತನಗೆ ವಯಸ್ಸಾಯಿತು, ಏರಿನಲ್ಲಿ ಕೈ ನಡುಗುತ್ತದೆ, ಅದರ ಮೈಯೊಳಗೇನಿದೆ ಎಂದೂ ಗೊತ್ತಿಲ್ಲ. ಕೇಳಿ ನೋಡಿ. ಅಷ್ಟು ಹೇಳಿ, ಮೇಷ್ಟ್ರ ಕೈ ಹಿಡಿದು, ಬಿಟ್ಟು, ಹೊರಟುಹೋದರು.

ಮರುದಿನ ಮೇಷ್ಟ್ರು ಮಗಳು ಕೆಲಸ ಮಾಡುತ್ತಿದ್ದ ಕಟ್ಟಡ ಹುಡುಕಿಕೊಂಡು ಹೋದರು. ಆರು ಅಂತಸ್ತಿನ ಕಚೇರಿ ಕಟ್ಟಡ. ಲಿಫ್ಟಿನ ಬಾಗಿಲಿಗೆ ಅಡ್ಡಪಟ್ಟಿ ಕಟ್ಟಿ ದುರಸ್ತಿಯಲ್ಲಿದೆ ಎಂದು ಬರೆದಿತ್ತು. ಮೇಲೆ ಯಂತ್ರದ ಕೋಣೆಯಲ್ಲಿದ್ದಾರೆ ಎಂದ ಕಾವಲಿನವ. ಮೇಷ್ಟ್ರು ಕಂಬಿ ಹಿಡಿದು, ಮೆಟ್ಟಿಲಂಚನ್ನು ಕಾಲಲ್ಲಿ ತಡವಿ, ಅಂತಸ್ತಿಗೊಮ್ಮೆ ನಿಂತು, ಹತ್ತಿದರು. ತುದಿಯ ಕೋಣೆಯಲ್ಲಿ ದಪ್ಪ ಉಕ್ಕಿನ ಹಗ್ಗಗಳು ದೊಡ್ಡ ಗಾಲಿಯೊಂದರ ಮೇಲೆ ಹಾದು ನೆಲದ ತೂತಿನಲ್ಲಿ ಕೆಳಗಿಳಿದಿದ್ದವು. ಮಗಳು ಮಂಡಿಯೂರಿ ಬ್ರೇಕಿನ ಪಟ್ಟಿ ಬಿಚ್ಚುತ್ತಿದ್ದಳು. ಅಪ್ಪನನ್ನು ನೋಡಿ ಬೆಚ್ಚಿಬಿದ್ದು, ಅಮ್ಮ ಹುಷಾರಾಗಿದ್ದಾಳಾ ಎಂದಳು. ಹುಷಾರಾಗಿದ್ದಾಳೆ ಎಂದಾಗ ಜೊತೆಗಾರನಿಗೆ ಹತ್ತು ನಿಮಿಷ ಎಂದು ಹೇಳಿ ಮೆಟ್ಟಿಲ ಬಳಿ ಬಂದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು.

ಮೇಷ್ಟ್ರು ಬೆಟ್ಟದಲ್ಲಿ ನಡೆದುದನ್ನು ಹೇಳಿದರು. ಎಲ್ಲರ ಎದುರು ತಗಡಿನ ವಿಷಯ ಒಪ್ಪಿಕೊಂಡದ್ದನ್ನೂ ಹೇಳಿದರು. ಅವಳು ಹೌದಾ ಎಂದಳು, ಅಷ್ಟೆ. ಡಾಕ್ಟರ ಮಾತನ್ನು ಹೇಳಿದಾಗ ಮಾತ್ರ ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳತೊಡಗಿದಳು.

"ಬೇಡ, ಅಪ್ಪ."

"ಯೋಚನೆ ಮಾಡು."

"ಯೋಚನೆ ಮಾಡೋದೇನಿಲ್ಲ. ಆಗ ಬೇಕಾಗಿತ್ತು. ನಿಮ್ಮ ಕಣ್ಣಿನ ವಿಷಯ ಅಮ್ಮ ಹೇಳಿದ ದಿನಾನೇ ಒಂದು ಶೆಡ್ ನೋಡಿಟ್ಟಿದ್ದೆ, ನಮ್ಮನೆ ಹಿಂದಿನ ಬೀದೀಲಿ, ಹಸಿರು ಬಾಗಿಲಿಂದು. ಹೆರಿಗೆ ಮುಗಿಸ್ಕೊಂಡು ಬಂದು ಹೇಳೋಣ ಅಂತಿದ್ದೆ. ಭಾನುವಾರ ಭಾನುವಾರ ನಿಮ್ಮನ್ನ ಕೂರಿಸ್ಕೊಂಡು ಎಲ್ಲಾದ್ರೂ ಹೋಗೋಣ ಅಂತ. ಕಣ್ಣು ಪೂರ್ತಿ ಹೋಗೋದ್ರೊಳಗೆ ಬೆಟ್ಟ ಒಂದ್ಸಲ ತೋರಿಸ್ಬೇಕು ಅಂತ."

ಕೆಳಗಿನ ಅಂತಸ್ತಿನಲ್ಲಿ ಯಾರೋ ಲಿಫ್ಟಿಲ್ಲವೆಂದು ಗೊಣಗುತ್ತ ಮೆಟ್ಟಿಲಿಳಿಯುತ್ತಿದ್ದರು. ಆ ಹೆಜ್ಜೆಸದ್ದು ಮುಗಿಯುವವರೆಗೆ ಕಾದು, ಮೇಷ್ಟ್ರು ಹೇಳಲೇಬೇಕಾದ್ದನ್ನು ಹೇಳಿದರು.

"ಜಾಗ ಇಲ್ಲ, ಮಗು ಇದೆ ಅಂದಿದ್ದೆಲ್ಲ ಸುಳ್ಳು. ನೀನು ಓಡಿಸೋದನ್ನ ಪಕ್ಕದಲ್ಲಿ ಕೂತು ನೋಡೋಕೆ ನನ್ನಿಂದ ಆಗ್ತಿರಲಿಲ್ಲ. ಅದಕ್ಕೆ ಮಾರಿದೆ."

ಮಗಳು ಒರೆಸುವುದನ್ನು ನಿಲ್ಲಿಸಿದಳು.

"ಈಗ ಯಾಕೆ ಹೇಳ್ತಿದ್ದೀರಿ?"

"ನಿನ್ನ ಕೈ ಮೇಲೆ ನನಗೆ ನಂಬಿಕೆ ಇರಲಿಲ್ಲ ಅಂತ ತಿಳ್ಕೊಂಡುಬಿಟ್ಟಿರ್ತೀಯ ಅಂತ."

"ಹಾಗೇ ತಿಳ್ಕೊಂಡಿದ್ದೆ," ಎಂದಳು ಅವಳು. ಬಟ್ಟೆಯನ್ನು ಮಡಿಸುತ್ತ ಮತ್ತೆ ಹೇಳಿದಳು: "ಗೂಬೆ ಹೋದ್ಮೇಲೆ ಈ ಕೆಲಸಕ್ಕೆ ಸೇರಿದೆನಲ್ಲ, ಮೊದಲ ಎರಡು ವರ್ಷ ಪ್ರತಿ ಬೋಲ್ಟನ್ನೂ ಎರಡೆರಡು ಸಲ ನೋಡ್ತಿದ್ದೆ. ಜೊತೆಯವರು ನಗೋರು. ನಮ್ಮಪ್ಪನೇ ನಂಬಲಿಲ್ಲ ಅಂದ್ಮೇಲೆ ನನ್ನ ಕೈಯಲ್ಲಿ ಏನೋ ಕೊರತೆ ಇರ್ಬೇಕು ಅಂತ."

ಮೇಷ್ಟ್ರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಗಳ ಮುಖ ಕೊಳವೆಯೊಳಗೆ ಪೂರ್ತಿ ಕಾಣುತ್ತಿತ್ತು. ಕಿವಿಯ ಹತ್ತಿರ ಒಂದೆರಡು ನರೆ ಬಂದಿದ್ದವು. ಅವರು ಅದನ್ನು ಇದುವರೆಗೆ ನೋಡಿರಲಿಲ್ಲ. ತಪ್ಪಾಯಿತು ಎಂದರು. ಅವಳು ತಲೆಯಾಡಿಸಿದಳು, ಒಪ್ಪಿದ್ದೋ, ಕೇಳಿಸಿತು ಎಂದದ್ದೋ ತಿಳಿಯಲಿಲ್ಲ. ಒಳಗಿನಿಂದ ಜೊತೆಗಾರ ಕರೆದ. ಅವಳು ಎದ್ದು, ಅಪ್ಪನನ್ನು ಎಬ್ಬಿಸಿ, ಇನ್ನು ಅರ್ಧ ಗಂಟೆಗೆ ಲಿಫ್ಟು ಶುರುವಾಗುತ್ತದೆ, ಅಲ್ಲಿಯವರೆಗೆ ಕೂತಿರಿ, ಮೆಟ್ಟಿಲು ಇಳಿಯುವುದು ಬೇಡ ಎಂದಳು. ಭಾನುವಾರ ಮಗುವನ್ನು ಕರೆದುಕೊಂಡು ಬರುತ್ತೇನೆ, ಕಾರಿನ ಮಾತು ಮಾತ್ರ ಇನ್ನು ಸಾಕು ಎಂದಳು. ಮೇಷ್ಟ್ರು ಸಾಕು ಎಂದು ಒಪ್ಪಿದರು.

ಡಾಕ್ಟರಿಗೆ ಉತ್ತರ ತಿಳಿಸಿದರು. ಅವರು ಕಾರನ್ನು ಇಟ್ಟುಕೊಂಡರು. ಮರುವರ್ಷದ ಪ್ರವಾಸಕ್ಕೆ ಮತ್ತೆ ಕರೆ ಬಂದಾಗ ಮೇಷ್ಟ್ರು ಹೋಗಲಿಲ್ಲ. ಮಗಳು ಹೇಳಿದಂತೆ ಭಾನುವಾರಗಳಂದು ಬರುತ್ತಿದ್ದಳು, ಊಟ ಮಾಡುತ್ತಿದ್ದಳು, ಅಮ್ಮನ ಮಿಕ್ಸಿಯನ್ನೋ ಫ್ಯಾನನ್ನೋ ಬಿಚ್ಚಿ ಸರಿಮಾಡುತ್ತಿದ್ದಳು. ಮನೆಯಲ್ಲಿ ನಗು ಇರುತ್ತಿತ್ತು. ಆದರೆ ನೀವು ಎನ್ನುವುದು ಹೋಗಲಿಲ್ಲ.

ಒಂದು ದಿನ ಮೇಷ್ಟ್ರು ಹೆಂಡತಿಯನ್ನು, ಶೆಡ್ಡು ನೋಡಿಟ್ಟದ್ದು ನಿನಗೆ ಗೊತ್ತಿತ್ತೇ ಎಂದು ಕೇಳಿದರು.

"ಗೊತ್ತಿತ್ತು," ಎಂದರು ಹೆಂಡತಿ. "ಅವಳೇ ಹೇಳ್ತಾಳೆ, ನಾನು ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ. ನಾನು ಹೆರಿಗೆಗೆ ಅಂತ ಅವಳ ಹತ್ರ ಇದ್ದೆ, ನೀವು ಕಾರು ಮಾರಿದ್ದು ಆಮೇಲೇ ನನಗೆ ತಿಳಿದಿದ್ದು."

ಆ ಸಂಜೆ ಮೇಷ್ಟ್ರು ಕೋಲು ಹಿಡಿದು ಮಗಳ ಮನೆಯ ಹಿಂದಿನ ಬೀದಿಗೆ ಹೋದರು. ಮಗಳಿಗೆ ತಿಳಿಸಿರಲಿಲ್ಲ. ಹಸಿರು ಬಾಗಿಲಿನ ಶೆಡ್ಡು ಸುಲಭವಾಗಿ ಸಿಕ್ಕಿತು. ಯಾರೋ ಒಳಗೆ ಹೂಕುಂಡಗಳನ್ನು ಜೋಡಿಸಿಟ್ಟಿದ್ದರು. ಮೇಷ್ಟ್ರು ಹೊರಗೋಡೆಯ ಮೂಲೆಯಲ್ಲಿ ನಿಂತು, ಪಾದಕ್ಕೆ ಪಾದ ತಾಗಿಸಿ, ಎಣಿಸುತ್ತ ನಡೆದರು. ಗೂಬೆಯ ಉದ್ದ ಅವರ ಪಾದದ ಲೆಕ್ಕದಲ್ಲಿ ಹದಿನಾರು. ಗೋಡೆ ಇಪ್ಪತ್ತೊಂದು ಪಾದ ಬಂತು. ನಂಬಿಕೆಯಾಗದೆ ಆ ತುದಿಯಿಂದ ಮತ್ತೆ ಅಳೆದರು. ಆಗಲೂ ಇಪ್ಪತ್ತೊಂದೇ. ಕಾರು ನಿಲ್ಲಿಸಿ, ಇಬ್ಬರು ಓಡಾಡಿಕೊಂಡು ಕೆಲಸ ಮಾಡಲು ಬೇಕಾದಷ್ಟು ಜಾಗವಿತ್ತು. ಕುಂಡಗಳ ಒಡತಿ ಬಾಗಿಲಿಗೆ ಬಂದು, ಏನಾದರೂ ಬೇಕಿತ್ತಾ ಎಂದು ಕೇಳಿದಳು. ಏನೂ ಬೇಡಮ್ಮ ಎಂದು ಮೇಷ್ಟ್ರು ಗೋಡೆ ಹಿಡಿದು ನಿಧಾನವಾಗಿ ಬೀದಿಯ ಕಡೆ ತಿರುಗಿದರು.